ಲೊರೆನ್ಸ್ ಫ್ರೋಲಿಕ್: ಶಿಶುಚಿತ್ರದಿಂದ ಪುರಾಣಚಿತ್ರದವರೆಗೆ

ಮೌಖಿಕ ಕಥನವು ಬರವಣಿಗೆಗೆ ಇಳಿದಾಗ ಯಾವ ಬಗೆಯ ಪಲ್ಲಟಗಳಿಗೆ ಒಳಗಾಗುತ್ತದೆ ಎಂಬ ಪ್ರಶ್ನೆಯನ್ನು ಜಾನಪದ ವಿದ್ವಾಂಸರು ಬಹುಕಾಲದಿಂದ ಚರ್ಚಿಸುತ್ತ ಬಂದಿದ್ದಾರೆ. ಹೇಳುವವನ ದನಿ, ಕೇಳುವವರ ಹೂಂಗುಟ್ಟುವಿಕೆ, ಪಾಠಾಂತರಗಳ ಸಮೃದ್ಧಿ ಇವೆಲ್ಲ ಅಚ್ಚಿನ ಮನೆಯಲ್ಲಿ ಹೇಗೆ ಕಳೆದುಹೋಗುತ್ತವೆ ಎಂಬುದನ್ನು ಕುರಿತು ಸಾಕಷ್ಟು ಬರವಣಿಗೆ ಇದೆ. ಆದರೆ ಮುದ್ರಿತ ಕಥೆಯ ಮಗ್ಗುಲಲ್ಲೇ ಇರುವ ಚಿತ್ರವನ್ನು ಈ ಚರ್ಚೆ ಬಹುಮಟ್ಟಿಗೆ ಹೊರಗೇ ಇಟ್ಟಿದೆ. ಚಿತ್ರವೆಂದರೆ ಅಲಂಕಾರ, ಪ್ರಕಾಶಕನ ವ್ಯಾಪಾರದ ಅಗತ್ಯ, ಹೆಚ್ಚೆಂದರೆ ಕಲೆಯ ಇತಿಹಾಸಕಾರನಿಗೆ ಸಂಬಂಧಿಸಿದ ವಿಷಯ ಎಂಬ ಗ್ರಹಿಕೆ ಇದಕ್ಕೆ ಕಾರಣವಾಗಿರಬಹುದು. ಕಲೆಯ ಇತಿಹಾಸಕಾರನಾದರೋ ಇಂಥ ಚಿತ್ರಗಳನ್ನು ದೊಡ್ಡ ಕ್ಯಾನ್‌ವಾಸುಗಳ ಕೆಳಗಿನ ಮೆಟ್ಟಿಲಲ್ಲಿ ಕೂರಿಸಿ ಮುಂದೆ ಸಾಗುತ್ತಾನೆ. ಹೀಗೆ ಎರಡು ಶಿಸ್ತುಗಳ ನಡುವಿನ ಓಣಿಯಲ್ಲಿ ಉಳಿದುಹೋದ ಕಲಾವಿದರಲ್ಲಿ ಡೆನ್ಮಾರ್ಕಿನ ಲೊರೆನ್ಸ್ ಫ್ರೋಲಿಕ್ ಒಬ್ಬ.

ಫ್ರೋಲಿಕ್ 1820ರ ಅಕ್ಟೋಬರ್ 25ರಂದು ಕೋಪನ್‌ಹೇಗನ್ನಿನಲ್ಲಿ ಹುಟ್ಟಿ, 1908ರಲ್ಲಿ ಅದೇ ಅಕ್ಟೋಬರ್ 25ರಂದು ತೀರಿಕೊಂಡ. ಎಂಬತ್ತೆಂಟು ವರ್ಷಗಳ ಈ ದೀರ್ಘ ಬದುಕಿನಲ್ಲಿ ಆತ ವರ್ಣಚಿತ್ರಕಾರ, ಎಚಿಂಗ್ ಕಲಾವಿದ, ಮಕ್ಕಳ ಪುಸ್ತಕಗಳ ಚಿತ್ರಕಾರ, ಕಲಾ ಅಕಾಡೆಮಿಯ ಪ್ರಾಧ್ಯಾಪಕ ಎಲ್ಲವೂ ಆಗಿದ್ದ. ಆತನನ್ನು ಕುರಿತ ಪರಿಚಯಾತ್ಮಕ ಬರಹಗಳು ಸಾಮಾನ್ಯವಾಗಿ ಈ ಪಾತ್ರಗಳನ್ನು ಬೇರೆ ಬೇರೆ ಖಾನೆಗಳಲ್ಲಿ ಇರಿಸುತ್ತವೆ: ಇತಿಹಾಸ ಮತ್ತು ಪುರಾಣದ ಚಿತ್ರಗಳು ಒಂದು ಕಡೆ, ಮಕ್ಕಳ ಪುಸ್ತಕಗಳು ಇನ್ನೊಂದು ಕಡೆ. ಮೊದಲನೆಯದು ರಾಷ್ಟ್ರಕ್ಕೆ ಸಂದ ಗಂಭೀರ ಸೇವೆ, ಎರಡನೆಯದು ಜೀವನೋಪಾಯ ಎಂಬ ಧ್ವನಿಯೂ ಇಂಥ ವಿಂಗಡಣೆಯಲ್ಲಿ ಅಡಗಿರುತ್ತದೆ. ಈ ವಿಂಗಡಣೆ ತಪ್ಪುದಾರಿಗೆಳೆಯುವಂಥದು. ಫ್ರೋಲಿಕ್ ತನ್ನ ಎಪ್ಪತ್ತೈದರ ಹರೆಯದಲ್ಲಿ ಎಡ್ಡಾ ಕಾವ್ಯದ ದೇವತೆಗಳಿಗೆ ಬಿಡಿಸಿದ ರೇಖಾಚಿತ್ರಗಳ ಬಲವು ಅಕಾಡೆಮಿಯ ಶಿಕ್ಷಣದಿಂದ ಬಂದುದಕ್ಕಿಂತ ಹೆಚ್ಚಾಗಿ ಪ್ಯಾರಿಸಿನ ಮನೆಯೊಂದರಲ್ಲಿ ಮೂರು ವರ್ಷದ ಮಗಳ ಆಟವನ್ನು ಕಂಡು ಚಿತ್ರಿಸಿದ ಅಭ್ಯಾಸದಿಂದ ಬಂದದ್ದು.

ಆತನ ಶಿಕ್ಷಣದ ಸಂಗತಿಗಳನ್ನು ಚಿಕ್ಕದಾಗಿ ನೋಡಬಹುದು. ವ್ಯಾಪಾರಸ್ಥ ಕುಟುಂಬದ ಈ ಹುಡುಗ ಮೊದಲು ಕಲಿತದ್ದು ಡೇನಿಶ್ ಚಿತ್ರಕಲೆಯ ಸುವರ್ಣಯುಗದ ಗುರು ಎನಿಸಿದ ಎಕರ್ಸ್‌ಬರ್ಗ್‌ನ ಪರಿಸರದಲ್ಲಿ. ಕಣ್ಣೆದುರಿಗೆ ಇರುವುದನ್ನು ಇದ್ದಂತೆ ನೋಡಿ ಬರೆಯಬೇಕೆಂಬುದು ಎಕರ್ಸ್‌ಬರ್ಗ್‌ನ ಶಿಸ್ತು. 1840ರ ದಶಕದಲ್ಲಿ ಫ್ರೋಲಿಕ್ ಜರ್ಮನಿಯ ಡ್ರೆಸ್ಡನ್ನಿಗೆ ಹೋಗಿ ಬೆಂಡೆಮನ್‌ನ ಬಳಿ ಕಲಿತ. ಜನಪದ ಕಥೆಗಳಿಗೆ ಮತ್ತು ಮಕ್ಕಳ ಲೋಕಕ್ಕೆ ಚಿತ್ರ ಬರೆದು ಹೆಸರಾದ ಲುಡ್‌ವಿಗ್ ರಿಕ್ಟರ್ ಅದೇ ನಗರದ ಅಕಾಡೆಮಿಯಲ್ಲಿ ಪ್ರಾಧ್ಯಾಪಕನಾಗಿದ್ದ ಕಾಲವದು. ಅಲ್ಲಿಂದ ರೋಮ್, 1851ರಿಂದ ಪ್ಯಾರಿಸ್, ಅಲ್ಲಿ ತೋಮಾ ಕುತೂರ್‌ನ ಚಿತ್ರಶಾಲೆ. ಸುಮಾರು ಕಾಲು ಶತಮಾನದ ಪ್ಯಾರಿಸ್ ವಾಸದ ನಂತರ 1875ರಲ್ಲಿ ಆತ ತಾಯ್ನಾಡಿಗೆ ಮರಳಿದ. 1877ರಲ್ಲಿ ಕೋಪನ್‌ಹೇಗನ್ನಿನ ಕಲಾ ಅಕಾಡೆಮಿಯಲ್ಲಿ ಪ್ರಾಧ್ಯಾಪಕನಾದ.

ತಾರುಣ್ಯದ ಫ್ರೋಲಿಕ್ ಕೈಗೆತ್ತಿಕೊಂಡ ವಸ್ತುಗಳಲ್ಲೊಂದು ಜಾನಪದ ಅಧ್ಯಯನದ ದೃಷ್ಟಿಯಿಂದ ವಿಶೇಷವಾದುದು. ಡೇನಿಶ್ ಕವಿ ಓಲೆನ್‌ಶ್ಲೇಗರ್ ಐತಿಹ್ಯವೊಂದನ್ನು ಆಧರಿಸಿ ಎರಡು ಗೋಪುರಗಳ ಚರ್ಚನ್ನು ಕುರಿತು ಬರೆದ ಕವಿತೆಗೆ ಆತ 1844ರಲ್ಲಿ ಎಚಿಂಗ್‌ಗಳನ್ನು ರಚಿಸಿದ. ಷೆಲಾನ್ ದ್ವೀಪದ ಫ್ಯೆನ್ನೆಸ್ಲೆವ್ ಎಂಬ ಹಳ್ಳಿಯ ಚರ್ಚಿಗೆ ಜೋಡಿ ಗೋಪುರಗಳಿವೆ. ಅವುಗಳ ಹುಟ್ಟನ್ನು ವಿವರಿಸುವ ಸ್ಥಳ ಐತಿಹ್ಯ ಹೀಗಿದೆ: ಆಸರ್ ರಿಗ್ ಎಂಬ ಒಡೆಯ ಯುದ್ಧಕ್ಕೆ ಹೊರಡುವಾಗ ಅವನ ಹೆಂಡತಿ ಇಂಗೆ ಬಸುರಿ. ಚರ್ಚಿನ ಕೆಲಸ ಇನ್ನೂ ಅರ್ಧದಲ್ಲಿದೆ. ಗಂಡು ಹುಟ್ಟಿದರೆ ಗೋಪುರ ಕಟ್ಟಿಸು, ಹೆಣ್ಣು ಹುಟ್ಟಿದರೆ ಅದು ಬೇಡ ಎಂದು ಹೇಳಿ ಅವನು ಹೋಗುತ್ತಾನೆ. ಹಿಂದಿರುಗುವಾಗ ದೂರದಿಂದಲೇ ಎರಡು ಗೋಪುರಗಳು ಕಾಣಿಸುತ್ತವೆ. ಹುಟ್ಟಿದ್ದು ಅವಳಿ ಗಂಡುಮಕ್ಕಳು. ಅವರಲ್ಲೊಬ್ಬ ಮುಂದೆ ಕೋಪನ್‌ಹೇಗನ್ ನಗರದ ಸ್ಥಾಪಕನೆಂದು ಪ್ರಸಿದ್ಧನಾದ ಬಿಷಪ್ ಅಬ್ಸಲೋನ್, ಇನ್ನೊಬ್ಬ ಎಸ್ಬರ್ನ್ ಸ್ನಾರೆ. ಅವರು ನಿಜವಾಗಿ ಅವಳಿಗಳಾಗಿರಲಿಲ್ಲ ಎಂಬುದು ಇತಿಹಾಸಕಾರರ ಅಭಿಪ್ರಾಯ. ಐತಿಹ್ಯಕ್ಕೆ ಅದರಿಂದ ಬಾಧೆಯೇನೂ ಆಗಿಲ್ಲ. ಕಣ್ಣಿಗೆ ಕಾಣುವ ಗುರುತೊಂದು ಸುದ್ದಿಯಾಗಿ, ಸುದ್ದಿ ಕಥೆಯಾಗುವ ಈ ರಚನೆಯಲ್ಲಿ ಚಿತ್ರ ಮೊದಲು, ಮಾತು ಆಮೇಲೆ. ಆಸರ್ ರಿಗ್‌ಗೆ ಯಾರೂ ಏನನ್ನೂ ಹೇಳಬೇಕಾಗಲಿಲ್ಲ. ಅವನು ನೋಡಿ ತಿಳಿದುಕೊಂಡ. ಇಪ್ಪತ್ತನಾಲ್ಕರ ತರುಣ ಕಲಾವಿದನೊಬ್ಬ ಇಂಥ ವಸ್ತುವನ್ನು ಆಯ್ದುಕೊಂಡದ್ದು ಗಮನಾರ್ಹ.

ಆ ವರ್ಷ ಇನ್ನೊಂದು ಕಾರಣಕ್ಕಾಗಿಯೂ ಮುಖ್ಯ. 1844ರಲ್ಲಿಯೇ ಕಲಾ ಇತಿಹಾಸಕಾರ ಎನ್. ಎಲ್. ಹೋಯೆನ್ ಸ್ಕ್ಯಾಂಡಿನೇವಿಯಾಕ್ಕೆ ತನ್ನದೇ ಆದ ರಾಷ್ಟ್ರೀಯ ಕಲೆ ಬೇಕೆಂದು ಕರೆಕೊಟ್ಟ. ಗ್ರೀಕ್ ಮತ್ತು ರೋಮನ್ ವಸ್ತುಗಳ ಬದಲು ನೆಲದ ಜನ, ನೆಲದ ಕಥೆ, ನೆಲದ ದೇವತೆಗಳು ಚಿತ್ರಗಳಲ್ಲಿ ಬರಬೇಕು ಎಂಬುದು ಅದರ ತಿರುಳು. ಶಿಲ್ಪಿ ಹೆರ್ಮನ್ ಫ್ರಾಯಿಂಡ್ ಅದಕ್ಕೂ ಮೊದಲೇ ನಾರ್ಸ್ ಪುರಾಣದ ಪ್ರಳಯ ಪ್ರಸಂಗವನ್ನು ಉಬ್ಬುಶಿಲ್ಪದ ಪಟ್ಟಿಕೆಯಾಗಿ ಕಡೆದಿದ್ದ. 1884ರಲ್ಲಿ ಕ್ರಿಶ್ಚಿಯನ್ಸ್‌ಬೋರ್ಗ್ ಅರಮನೆಗೆ ಬೆಂಕಿ ಬಿದ್ದಾಗ ಅದು ನಾಶವಾಯಿತು. ಫ್ರೋಲಿಕ್‌ನ ಆಪ್ತ ಗೆಳೆಯ ಯೋಹಾನ್ ಥಾಮಸ್ ಲುಂಡ್‌ಬ್ಯೂ ಡೇನಿಶ್ ನೆಲದ ದಿಬ್ಬಗಳನ್ನೂ ದನಕರುಗಳನ್ನೂ ಬೆಟ್ಟದ ಟ್ರೋಲ್‌ಗಳನ್ನೂ ಚಿತ್ರಿಸಿದವನು. 1845ರಲ್ಲಿ ಪ್ರಕಟವಾದ ಕಾಲುನ್‌ನ ಮಕ್ಕಳ ನೀತಿಕಥೆಗಳಿಗೂ ಚಿತ್ರ ಬರೆದಿದ್ದ. 1848ರ ಯುದ್ಧಕಾಲದಲ್ಲಿ ಸ್ವಯಂಸೇವಕನಾಗಿ ಹೋದ ಲುಂಡ್‌ಬ್ಯೂ ಆಕಸ್ಮಿಕವಾಗಿ ಸಿಡಿದ ಗುಂಡಿಗೆ ಬಲಿಯಾದ. ಆಗ ಅವನಿಗೆ ಇಪ್ಪತ್ತೊಂಬತ್ತು ವರ್ಷ.

ರಾಷ್ಟ್ರೀಯ ಕಲೆಯ ಈ ಕರೆಗೆ ಫ್ರೋಲಿಕ್ ಓಗೊಟ್ಟನೆಂಬುದು ನಿಜ. ಓದುಗರಿಗಾಗಿ ಬಂದ ಡೆನ್ಮಾರ್ಕ್ ಇತಿಹಾಸದ ಸಚಿತ್ರ ಪುಸ್ತಕಕ್ಕೆ ಆತ ಚಿತ್ರ ಬರೆದ. 1850ರ ದಶಕದಲ್ಲಿ ಫ್ಲೆನ್ಸ್‌ಬೋರ್ಗ್ ನಗರದ ಮೇಲ್ಮನವಿ ನ್ಯಾಯಾಲಯಕ್ಕಾಗಿ ದೊಡ್ಡ ಚಿತ್ರಗಳ ಕೆಲಸವನ್ನೂ ಮಾಡಿದ. 1864ರ ಯುದ್ಧದಲ್ಲಿ ಸೋತ ಡೆನ್ಮಾರ್ಕ್ ಸ್ಲೆಸ್ವಿಗ್, ಹೋಲ್ಸ್ಟೈನ್ ಸಂಸ್ಥಾನಗಳನ್ನು ಕಳೆದುಕೊಂಡಾಗ ಆ ನಗರವೇ ಕೈತಪ್ಪಿತು. ರಾಷ್ಟ್ರದ ಗೋಡೆಯ ಮೇಲೆ ರಾಷ್ಟ್ರದ ಕಥೆ ಬರೆಯುವ ಕಲೆಗೆ ಇಂಥದೊಂದು ಅಪಾಯವಿದೆ: ಗೋಡೆಯ ಒಡೆತನ ಬದಲಾಗಬಹುದು. ಅಲ್ಲದೆ ಆತನ ಇಂಥ ದೊಡ್ಡ ಕೃತಿಗಳು ವಿದ್ವತ್ಪೂರ್ಣವಾಗಿದ್ದರೂ ಬಹುಮಟ್ಟಿಗೆ ನಿಶ್ಚಲ. ಅಲ್ಲಿನ ವೀರರು ಅಭಿನಯಿಸುವುದಕ್ಕಿಂತ ಹೆಚ್ಚಾಗಿ ಭಂಗಿ ಕೊಟ್ಟು ನಿಂತಿರುತ್ತಾರೆ.

ಇದಕ್ಕೆ ತೀರ ಭಿನ್ನವಾದ ಕೆಲಸ ಅದೇ ವರ್ಷಗಳಲ್ಲಿ ಪ್ಯಾರಿಸಿನಲ್ಲಿ ನಡೆಯುತ್ತಿತ್ತು. 1859ರಲ್ಲಿ ಫ್ರೋಲಿಕ್‌ಗೆ ಎಡ್ಮಾ ಎಂಬ ಮಗಳು ಹುಟ್ಟಿದಳು. ಆಕೆಯ ಏಳುಬೀಳು, ಮುನಿಸು, ಗೊಂಬೆಯಾಟಗಳನ್ನು ತಂದೆ ಬರೆಯುತ್ತ ಹೋದ. ಈ ಚಿತ್ರಗಳು ಪಿಯೆರ್ ಜೂಲ್ ಹೆತ್ಸೆಲ್ ಎಂಬ ಪ್ರಕಾಶಕನ ಕೈಸೇರಿದವು. 1851ರ ರಾಜಕೀಯ ವಿಪ್ಲವದ ನಂತರ ಬ್ರಸೆಲ್ಸಿನಲ್ಲಿ ದೇಶಭ್ರಷ್ಟನಾಗಿದ್ದು ಮರಳಿ ಬಂದ ಈತ, ಮುಂದೆ ಜೂಲ್ಸ್ ವರ್ನ್‌ನ ಕಾದಂಬರಿಗಳನ್ನು ಪ್ರಕಟಿಸಿ ಪ್ರಸಿದ್ಧನಾದವನು; ಸ್ತಾಲ್ ಎಂಬ ಕಾವ್ಯನಾಮದಲ್ಲಿ ತಾನೇ ಲೇಖಕನೂ ಹೌದು. 1862ರಲ್ಲಿ ಹೊರಬಂದ, ಪುಟಾಣಿ ಲಿಲಿಯ ಒಂದು ದಿನವನ್ನು ಹೇಳುವ ಪುಸ್ತಕದಲ್ಲಿ ಚಿತ್ರಕಾರನ ಹೆಸರಿನ ಜೊತೆಗೆ ಬರಹಗಾರನನ್ನು 'ಒಬ್ಬ ಅಪ್ಪ' ಎಂದಷ್ಟೇ ಸೂಚಿಸಲಾಗಿತ್ತು. ಇದರ ಯಶಸ್ಸಿನಿಂದ ಲಿಲಿಯ ಪುಸ್ತಕಗಳ ಮಾಲಿಕೆಯೇ ಹುಟ್ಟಿತು. ಲಿಲಿ ಹಳ್ಳಿಗೆ ಹೋದಳು, ಸೋದರಸಂಬಂಧಿ ಲ್ಯೂಸಿಯನ್‌ನೊಡನೆ ಪ್ರಯಾಣ ಕೈಗೊಂಡಳು, ಅಕ್ಷರಮಾಲೆಯನ್ನೂ ಕಲಿಸಿದಳು.

ಈ ಪುಸ್ತಕಗಳ ಹೊಸತನವೇನೆಂದು ಅರಿಯಲು ಅವುಗಳಿಗಿಂತ ಮೊದಲಿನ ಜರ್ಮನ್ ಕೃತಿಯೊಂದನ್ನು ನೆನೆಯಬೇಕು. 1845ರಲ್ಲಿ ವೈದ್ಯ ಹೈನ್‌ರಿಕ್ ಹಾಫ್‌ಮನ್ ತನ್ನ ಮಗನಿಗಾಗಿ ಬರೆದು ಚಿತ್ರಿಸಿದ ಕೆದರುಗೂದಲ ಪೇಟರನ ಪುಸ್ತಕ ಯುರೋಪಿನಾದ್ಯಂತ ಹರಡಿತ್ತು. ಅಲ್ಲಿ ಬೆಂಕಿಕಡ್ಡಿ ಗೀರಿದ ಹುಡುಗಿ ಸುಟ್ಟು ಬೂದಿಯಾಗುತ್ತಾಳೆ. ಬೆರಳು ಚೀಪುವ ಹುಡುಗನ ಹೆಬ್ಬೆರಳುಗಳನ್ನು ದರ್ಜಿ ಕತ್ತರಿಸುತ್ತಾನೆ. ಅದು ಮಗುವನ್ನು ಹೆದರಿಸಿ ನಗಿಸುವ ಲೋಕ. ಎಚ್ಚರಿಕೆಯ ಕಥೆಗಳೆಂಬ ಜನಪದ ಪ್ರಕಾರಕ್ಕೆ ಅದರ ನಂಟಿದೆ. ಲಿಲಿಯ ಲೋಕದಲ್ಲಿ ಇಂಥ ದಂಡನೆಯಿಲ್ಲ. ಅಲ್ಲಿ ನಡೆಯುವುದೇನೆಂದರೆ ಏಳುವುದು, ತೊಡುವುದು, ತಿನ್ನುವುದು, ಆಡುವುದು, ಮಲಗುವುದು. ಪುಟದ ಬಹುಭಾಗವನ್ನು ಚಿತ್ರ ಆಕ್ರಮಿಸಿದ್ದು ಕೆಳಗೆ ಕೆಲವೇ ಸಾಲು ಮಾತು. ಹಿನ್ನೆಲೆಯ ಕೋಣೆ, ಪೀಠೋಪಕರಣಗಳನ್ನು ಬೇಕಾದಷ್ಟು ಮಾತ್ರ ಸೂಚಿಸಿ ಚಿತ್ರಕಾರ ಮಗುವಿನ ಮೈಯ ನಿಲುವನ್ನೇ ಕಥೆಯಾಗಿಸುತ್ತಾನೆ. ಬಾಗಿದ ಬೆನ್ನು, ಒಳತಿರುಗಿದ ಪಾದ, ಹಿಂದಕ್ಕೆ ಚಾಚಿದ ಕೈ ಇವುಗಳಿಂದಲೇ ಮುಂದಿನ ಕ್ಷಣದಲ್ಲಿ ಏನಾಗಲಿದೆ ಎಂಬುದು ತಿಳಿಯುತ್ತದೆ.

ಮರದ ಅಚ್ಚಿನ ಮುದ್ರಣದ ಮಿತಿಯೂ ಇಲ್ಲಿ ನೆರವಿಗೆ ಬಂದಿರಬೇಕು. ಆ ಕಾಲದಲ್ಲಿ ಚಿತ್ರಕಾರ ಬರೆದುದನ್ನು ಕೆತ್ತನೆಗಾರ ಗಟ್ಟಿಮರದ ಹಲಗೆಯ ಮೇಲೆ ಕೆತ್ತುತ್ತಿದ್ದ; ರೇಖೆಯ ಇಕ್ಕೆಲಗಳ ಮರವನ್ನು ತೆಗೆದು ರೇಖೆಯನ್ನು ಉಬ್ಬಾಗಿ ಉಳಿಸುವ ಕೆಲಸವದು. ಅನಗತ್ಯ ರೇಖೆಯೊಂದು ಇದ್ದರೆ ಕೆತ್ತುವವನ ಶ್ರಮ ಅಷ್ಟೂ ಹೆಚ್ಚು. ವರ್ಣದ ಆಸರೆಯಿಲ್ಲದೆ, ನೆರಳಿನ ಆಡಂಬರವಿಲ್ಲದೆ, ಹೊರರೇಖೆಯೊಂದರಿಂದಲೇ ಚಲನೆಯನ್ನು ಹಿಡಿಯುವ ವಿದ್ಯೆಯನ್ನು ಫ್ರೋಲಿಕ್ ಈ ನೂರಾರು ಶಿಶುಚಿತ್ರಗಳಲ್ಲಿ ಪಳಗಿಸಿಕೊಂಡ. ಕುತೂರ್‌ನ ಚಿತ್ರಶಾಲೆಯಲ್ಲಿ ಇದು ಸಿಗುವಂಥದಲ್ಲ. ಲಿಲಿಯ ಪುಸ್ತಕಗಳಿಗೆ ಒಂದು ಕೊರತೆಯೂ ಇದೆ. ಅವು ಉಳ್ಳವರ ಮನೆಯ ಮಗುವನ್ನು ಮಾತ್ರ ಬಲ್ಲವು. ಮೂರನೆಯ ನೆಪೋಲಿಯನ್‌ನ ಸಾಮ್ರಾಜ್ಯದ ಪ್ಯಾರಿಸಿನಲ್ಲಿ ದುಡಿಯುತ್ತಿದ್ದ ಮಕ್ಕಳ ಬದುಕಿನ ಸುಳಿವು ಅಲ್ಲಿಲ್ಲ. ಹೆತ್ಸೆಲ್‌ನ ಗ್ರಾಹಕರಿಗೆ ಅದು ಬೇಕಿರಲಿಲ್ಲ.

ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್‌ನ ಕಥೆಗಳಿಗೆ ಫ್ರೋಲಿಕ್ ಬರೆದ ಚಿತ್ರಗಳನ್ನು ಈ ಹಿನ್ನೆಲೆಯಲ್ಲಿ ನೋಡಬೇಕಾಗುತ್ತದೆ. ಆಂಡರ್ಸನ್‌ನ ಮೊದಲ ಚಿತ್ರಕಾರ ವಿಲ್ಹೆಲ್ಮ್ ಪೆಡರ್ಸನ್, ಡೇನಿಶ್ ನೌಕಾಪಡೆಯ ಅಧಿಕಾರಿ. ಅವನು ಬರೆದ 125 ಚಿತ್ರಗಳು 1849ರಲ್ಲಿ ಲೈಪ್‌ಸಿಗ್‌ನ ಪ್ರಕಾಶಕನ ಮೂಲಕ ಜರ್ಮನ್ ಆವೃತ್ತಿಯಲ್ಲಿ ಬೆಳಕು ಕಂಡವು. ಪೆಡರ್ಸನ್ 1859ರಲ್ಲಿ ತೀರಿಕೊಂಡ ಮೇಲೆ ಆಂಡರ್ಸನ್‌ನ ನಂತರದ ಕಥೆಗಳಿಗೆ ಚಿತ್ರ ಬರೆಯುವ ಹೊಣೆ ಫ್ರೋಲಿಕ್‌ನದಾಯಿತು. ಈ ಹೋಲಿಕೆಯಲ್ಲಿ ಫ್ರೋಲಿಕ್ ಹಿಂದೆ ಬೀಳುತ್ತಾನೆ ಎಂದು ಹೇಳಲೇಬೇಕು. ಪೆಡರ್ಸನ್‌ನ ಚಿಕ್ಕ, ತುಸು ಮುಗ್ಧ ಚಿತ್ರಗಳು ಕಥೆ ಹೇಳುವವನ ಪಕ್ಕದಲ್ಲಿ ಸುಮ್ಮನೆ ಕುಳಿತಿರುತ್ತವೆ. ಫ್ರೋಲಿಕ್‌ನ ಚಿತ್ರಗಳು ಹೆಚ್ಚು ಕುಶಲ, ಹೆಚ್ಚು ಚಲನಶೀಲ. ಆದರೆ ಎಷ್ಟೋ ಕಡೆ ಕಥೆಗಿಂತ ಮೊದಲು ತಾವೇ ಮಾತಾಡತೊಡಗುತ್ತವೆ.

ಪೂರ್ತಿ ತಪ್ಪು ಚಿತ್ರಕಾರನದೂ ಅಲ್ಲ. ಆಂಡರ್ಸನ್‌ನ ನಂತರದ ಬರಹಗಳಲ್ಲಿ ಬಹಳಷ್ಟು ಸ್ವಕಲ್ಪಿತ, ಉದ್ದನೆಯ ಕಥನಗಳು. ಅವುಗಳ ನಡುವೆ ಅಪ್ಪಟ ಜನಪದ ಮೂಲದ ಒಂದು ಕಥೆ 1861ರದು. ಮುದುಕ ಮಾಡಿದ್ದೆಲ್ಲ ಸರಿ ಎಂದು ನಂಬಿದ ಹೆಂಡತಿಯ ಕಥೆಯದು. ಕುದುರೆ ಮಾರಲು ಹೊರಟ ರೈತ ಅದನ್ನು ಹಸುವಿಗೆ, ಹಸುವನ್ನು ಕುರಿಗೆ, ಕುರಿಯನ್ನು ಹೆಬ್ಬಾತಿಗೆ, ಅದನ್ನು ಕೋಳಿಗೆ, ಕೋಳಿಯನ್ನು ಒಂದು ಮೂಟೆ ಕೊಳೆತ ಸೇಬಿಗೆ ಬದಲಾಯಿಸಿಕೊಳ್ಳುತ್ತಾನೆ. ಹೆಂಡತಿ ಬೈಯದೆ ಮುದ್ದಿಟ್ಟದ್ದರಿಂದ ಪಣ ಕಟ್ಟಿದ ಇಂಗ್ಲಿಷರು ಸೋಲುತ್ತಾರೆ. ಅಂತರರಾಷ್ಟ್ರೀಯ ಕಥಾಸೂಚಿಯಲ್ಲಿ 1415ನೆಯ ವರ್ಗವಾದ ಇದರ ನಾರ್ವೇಜಿಯನ್ ಪಾಠವನ್ನು ಆಸ್‌ಬ್ಯೋರ್ನ್‌ಸೆನ್ ಮತ್ತು ಮೂ ಸಂಗ್ರಹಿಸಿದ್ದಾರೆ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಇಂಥ ಸರಪಳಿ ಕಥೆಯ ಸೊಗಸಿರುವುದು ಪುನರುಕ್ತಿಯಲ್ಲಿ. ಪುಸ್ತಕದ ಚಿತ್ರಕಾರನಿಗೆ ಸರಪಳಿಯ ಒಂದೆರಡು ಕೊಂಡಿಗಳಷ್ಟೇ ಸಿಗುತ್ತವೆ. ಲಿಲಿಯ ಪುಸ್ತಕದಲ್ಲಿದ್ದ ಪುಟದಿಂದ ಪುಟಕ್ಕೆ ಸಾಗುವ ಸರಣಿಯ ಸ್ವಾತಂತ್ರ್ಯ ಇಲ್ಲಿ ಆತನಿಗೆ ಇರಲಿಲ್ಲ.

ಇನ್ನು ಎಡ್ಡಾ. ಐಸ್‌ಲ್ಯಾಂಡಿನ ಹದಿಮೂರನೆಯ ಶತಮಾನದ ಚರ್ಮದ ಹಸ್ತಪ್ರತಿಯೊಂದರಲ್ಲಿ ಉಳಿದುಬಂದ ಈ ದೇವತಾಗೀತೆಗಳು ಅದಕ್ಕೂ ಹಿಂದೆ ಬಾಯಿಂದ ಬಾಯಿಗೆ ಹರಿದುಬಂದವು. 1662ರಲ್ಲಿ ಡೆನ್ಮಾರ್ಕಿನ ದೊರೆಗೆ ಕಾಣಿಕೆಯಾಗಿ ಹೋದ ಆ ಪ್ರತಿ 1971ರವರೆಗೂ ಕೋಪನ್‌ಹೇಗನ್ನಿನಲ್ಲೇ ಇತ್ತು. 1895ರಲ್ಲಿ ಕಾರ್ಲ್ ಗೆಲ್ಲರುಪ್ ಇವುಗಳನ್ನು ಡೇನಿಶ್‌ಗೆ ತಂದಾಗ ಚಿತ್ರ ಬರೆದವನು ಫ್ರೋಲಿಕ್. ಭಾರತೀಯ ಓದುಗರಿಗೆ ಗೆಲ್ಲರುಪ್‌ನ ಹೆಸರು ಬೇರೊಂದು ಕಾರಣದಿಂದ ಪರಿಚಿತವಾಗಬೇಕಾದುದು. ಬುದ್ಧನ ಕಾಲದ ಭಾರತವನ್ನು ಹಿನ್ನೆಲೆಯಾಗಿಟ್ಟುಕೊಂಡು ಯಾತ್ರಿಕ ಕಾಮನೀತನ ಕಾದಂಬರಿಯನ್ನು 1906ರಲ್ಲಿ ಪ್ರಕಟಿಸಿದವನು ಇವನೇ. 1917ರ ನೊಬೆಲ್ ಪ್ರಶಸ್ತಿಯನ್ನು ಪೊಂಟೊಪಿಡಾನ್‌ನೊಡನೆ ಹಂಚಿಕೊಂಡವನು.

ಈ ಎಡ್ಡಾ ಚಿತ್ರಗಳನ್ನು ಅಳೆಯಲು ಒಳ್ಳೆಯ ಮಾನದಂಡ ಅದೇ ಕೋಪನ್‌ಹೇಗನ್ನಿನಲ್ಲಿ ಸಿದ್ಧವಾಗುತ್ತಿತ್ತು. 1904ರಲ್ಲಿ ಡೇನಿಶ್ ಜಾನಪದ ಸಂಗ್ರಹಾಲಯವನ್ನು ಸ್ಥಾಪಿಸಿದವರಲ್ಲಿ ಪ್ರಮುಖನಾದ ಆಕ್ಸೆಲ್ ಓಲ್ರಿಕ್ ಜನಪದ ಕಥನದ ನಿಯಮಗಳನ್ನು ಮಂಡಿಸಿದ್ದು 1908ರಲ್ಲಿ, ಫ್ರೋಲಿಕ್ ತೀರಿಕೊಂಡ ವರ್ಷ. ರಂಗದ ಮೇಲೆ ಒಂದು ಹೊತ್ತಿಗೆ ಇಬ್ಬರೇ ಇರುತ್ತಾರೆ; ಕಥೆ ಒಂದೇ ಎಳೆಯಲ್ಲಿ ಸಾಗುತ್ತದೆ; ಕಥನದ ಶಿಖರಗಳು ಶಿಲ್ಪದಂತೆ ನೆನಪಿನಲ್ಲಿ ನಿಲ್ಲುವ ದೃಶ್ಯಗಳಾಗಿ ಹೆಪ್ಪುಗಟ್ಟುತ್ತವೆ ಎಂಬುವು ಆ ನಿಯಮಗಳಲ್ಲಿ ಕೆಲವು. ಕೊನೆಯದಕ್ಕೆ ಓಲ್ರಿಕ್ ಕೊಡುವ ನಿದರ್ಶನಗಳಲ್ಲಿ ಥೋರ್ ದೇವತೆ ವಿಶ್ವಸರ್ಪವನ್ನು ದೋಣಿಯ ಅಂಚಿಗೆ ಎಳೆಯುವ ಪ್ರಸಂಗವೂ ಒಂದು. ಈ ನಿಯಮಗಳನ್ನು ಓದದೆಯೇ ಫ್ರೋಲಿಕ್ ಅವುಗಳಂತೆ ನಡೆದಿದ್ದಾನೆ. ಓಡಿನ್ ಮತ್ತು ಭವಿಷ್ಯ ನುಡಿಯುವ ವೋಲ್ವ, ಫ್ರೇಯಾ ಮತ್ತು ಅವಳು ನಿದ್ದೆಯಿಂದೆಬ್ಬಿಸುವ ರಾಕ್ಷಸಿ ಹಿಂಡ್ಲಾ, ಹೀಗೆ ಇಬ್ಬಿಬ್ಬರ ಮುಖಾಮುಖಿಗಳನ್ನು ಆತ ಆರಿಸುತ್ತಾನೆ. ಏಗಿರ್‌ನ ಔತಣದಲ್ಲಿ ಲೋಕಿ ದೇವತೆಗಳನ್ನೆಲ್ಲ ಒಬ್ಬೊಬ್ಬರಾಗಿ ಹೀಯಾಳಿಸುವ ಪ್ರಸಂಗದಲ್ಲಿ ಸಭೆಯೇ ನೆರೆದಿದೆ. ಅಲ್ಲಿಯೂ ರಚನೆಯ ದೃಷ್ಟಿಯಿಂದ ಪಕ್ಷಗಳು ಎರಡೇ: ಒಂದೆಡೆ ಲೋಕಿ, ಇನ್ನೊಂದೆಡೆ ಉಳಿದವರೆಲ್ಲ.

ಲೋಕಿಯ ಈ ಗೀತೆ ಪೂರ್ತಿಯಾಗಿ ಬೈಗುಳದ ಸಂವಾದ. ಕ್ರಿಯೆ ಎಂಬುದು ಅದರಲ್ಲಿ ಅತ್ಯಲ್ಪ. ಮಾತನ್ನು ಚಿತ್ರಿಸುವುದು ಹೇಗೆ? ಇತಿಹಾಸದ ದೊಡ್ಡ ಚಿತ್ರಗಳ ಫ್ರೋಲಿಕ್ ಇದಕ್ಕೆ ಉತ್ತರ ಕಂಡುಕೊಳ್ಳಲಾರ. ಲಿಲಿಯ ಫ್ರೋಲಿಕ್ ಕಂಡುಕೊಂಡ. ಮುನಿದ ಮಗುವಿನ ಮೈ ಮಾತಿಗಿಂತ ಮೊದಲೇ ಎಲ್ಲವನ್ನೂ ಹೇಳಿಬಿಡುತ್ತದೆ ಎಂದು ಅರಿತ ಕೈಗೆ ದೇವತೆಗಳ ಅವಮಾನ, ತಡೆಹಿಡಿದ ಸಿಟ್ಟು, ಕಿಡಿಗೇಡಿಯ ಹಗುರ ನಿಲುವು ಇವುಗಳನ್ನು ರೇಖೆಯಲ್ಲಿ ಹಿಡಿಯುವುದು ಕಷ್ಟವಾಗಲಿಲ್ಲ. ಎಡ್ಡಾದ ದೇವತೆಗಳು ಮೂಲತಃ ಒಂದು ಕುಟುಂಬ. ಅವರಲ್ಲಿ ಜಗಳವಿದೆ, ಹೊಟ್ಟೆಕಿಚ್ಚಿದೆ, ತುಂಟತನವಿದೆ. ರಾಷ್ಟ್ರೀಯ ಕಲೆಯ ಪ್ರತಿಪಾದಕರು ಅವರನ್ನು ಗ್ರೀಕ್ ದೇವತೆಗಳ ಸರಿಸಮಕ್ಕೆ ಏರಿಸಲು ಹೋಗಿ ಈ ಮನೆತನದ ಗುಣವನ್ನೇ ಮರೆತಿದ್ದರು. ಫ್ರೋಲಿಕ್ ಅದನ್ನು ಮರಳಿ ತಂದ.

ಎಲ್ಲ ಚಿತ್ರಗಳೂ ಇದೇ ಮಟ್ಟದವಲ್ಲ. ಹಲವು ದೇವತೆಗಳ ಸ್ನಾಯುಗಳು ಇನ್ನೂ ಅಕಾಡೆಮಿಯ ನೆನಪಿನಲ್ಲಿಯೇ ಇವೆ. ಹೆಣ್ಣು ದೇವತೆಗಳ ಮುಖಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ಅಂತರ ಸಾಲದು. ಇದಕ್ಕಿಂತ ಗಂಭೀರವಾದುದು ಜಾನಪದ ಅಧ್ಯಯನಕ್ಕೆ ಸಂಬಂಧಿಸಿದ ಇನ್ನೊಂದು ತೊಡಕು. ಓಡಿನ್ ಗಾಳಿಗೊಡ್ಡಿದ ಮರದಲ್ಲಿ ಈಟಿಯಿಂದ ಇರಿತಗೊಂಡು, ತನ್ನನ್ನು ತನಗೇ ಬಲಿಕೊಟ್ಟುಕೊಂಡು ಒಂಬತ್ತು ರಾತ್ರಿ ತೂಗಿದನೆಂದು ಹಾವಮಾಲ್ ಗೀತೆ ಹೇಳುತ್ತದೆ. ಹೇಗೆ ತೂಗಿದ, ತಲೆ ಮೇಲಾಗಿಯೋ ಕೆಳಗಾಗಿಯೋ, ಹಗ್ಗ ಯಾವ ಅಂಗಕ್ಕೆ ಎಂಬುದನ್ನು ಹೇಳುವುದಿಲ್ಲ. ಹಾಡುವವನಿಗೆ ಅದು ಬೇಕಿಲ್ಲ. ಕೇಳುವವನು ತನ್ನಷ್ಟಕ್ಕೆ ಕಲ್ಪಿಸಿಕೊಳ್ಳುತ್ತಾನೆ. ಚಿತ್ರಕಾರನಿಗೆ ಈ ಮೌನ ದಕ್ಕುವುದಿಲ್ಲ. ಅವನು ಯಾವುದಾದರೊಂದನ್ನು ಆಯ್ದುಕೊಳ್ಳಲೇಬೇಕು. ಹೀಗೆ ಆಯ್ದುಕೊಂಡ ಕ್ಷಣದಲ್ಲಿ ಆತ ಹೊಸದೊಂದು ಪಾಠವನ್ನು ಸೃಷ್ಟಿಸುತ್ತಾನೆ. ಕ್ರೈಸ್ತ ಸಮಾಜದ ನೋಡುಗನಿಗೆ ಮರದಲ್ಲಿ ತೂಗುವ ಗಾಯಗೊಂಡ ದೇವತೆ ಬೇರೊಂದು ಮರವನ್ನು ನೆನಪಿಸದೆ ಇರಲಾರದು. ಮೂಲಗೀತೆಯಲ್ಲಿಯೇ ಕ್ರೈಸ್ತ ಪ್ರಭಾವವಿದೆಯೇ ಎಂಬ ವಿವಾದ ವಿದ್ವಾಂಸರಲ್ಲಿ ಇದ್ದೇ ಇದೆ. ಚಿತ್ರವು ತಿಳಿದೋ ತಿಳಿಯದೆಯೋ ಆ ವಿವಾದದಲ್ಲಿ ಭಾಗಿಯಾಗುತ್ತದೆ. ಆದ್ದರಿಂದ ಇಂಥ ಚಿತ್ರಗಳನ್ನು ಪಾಠಾಂತರಗಳ ಸಾಲಿನಲ್ಲಿಯೇ ದಾಖಲಿಸಬೇಕಾಗುತ್ತದೆ: ಯಾರು ಬರೆದರು, ಯಾವ ಅನುವಾದಕ್ಕೆ, ಯಾವ ವರ್ಷ ಎಂಬ ವಿವರಗಳೊಂದಿಗೆ.

ಫ್ರೋಲಿಕ್ ಒಂದಕ್ಕಿಂತ ಹೆಚ್ಚು ಬಾರಿ ಬರೆದ ವಸ್ತು ಗೆಫಿಯೋನ್ ದೇವತೆಯದು. ಒಂದು ಹಗಲು ರಾತ್ರಿಯಲ್ಲಿ ನಾಲ್ಕು ಎತ್ತು ಉಳುವಷ್ಟು ನೆಲ ನಿನ್ನದು ಎಂದು ಸ್ವೀಡನ್ನಿನ ದೊರೆ ಗಿಲ್ಫಿ ಮಾತುಕೊಡುತ್ತಾನೆ. ದೈತ್ಯನಿಂದ ಪಡೆದ ತನ್ನ ಗಂಡುಮಕ್ಕಳನ್ನೇ ಅವಳು ಎತ್ತುಗಳಾಗಿಸಿ, ನೇಗಿಲು ಹೂಡಿ, ಉತ್ತ ನೆಲವನ್ನು ಸಮುದ್ರಕ್ಕೆ ಎಳೆದು ತರುತ್ತಾಳೆ. ಅದು ಷೆಲಾನ್ ದ್ವೀಪವಾಯಿತು. ಅಲ್ಲಿ ಉಳಿದ ಹಳ್ಳ ಸರೋವರವಾಯಿತು. ತಾಯಿ, ಮಕ್ಕಳು, ಬೇಸಾಯ ಮತ್ತು ನೆಲದ ಹುಟ್ಟು ಒಂದೇ ಆಶಯದಲ್ಲಿ ಕೂಡಿಬಂದ ಪುರಾಣವಿದು. ಇದೇ ಗೆಫಿಯೋನ್ ತನ್ನ ಎತ್ತುಗಳೊಡನೆ ಕೋಪನ್‌ಹೇಗನ್ನಿನ ಬಂದರಿನ ಬಳಿ ಆಂಡರ್ಸ್ ಬುಂಡ್‌ಗಾರ್ಡ್‌ನ ಕಾರಂಜಿಶಿಲ್ಪವಾಗಿ ಅನಾವರಣಗೊಂಡದ್ದು ಕೂಡ 1908ರಲ್ಲಿಯೇ. ಪ್ರವಾಸಿಗರು ಇಂದು ನೋಡುವುದು ಆ ಕಂಚಿನ ಗೆಫಿಯೋನಳನ್ನು.

ಲಿಲಿಯ ಪುಸ್ತಕಗಳು ಈಗ ಗ್ರಂಥಾಲಯಗಳ ಅಪರೂಪದ ಸಂಗ್ರಹಗಳಲ್ಲಿವೆ. ಲಿಲಿಗೆ ಮಾದರಿಯಾಗಿದ್ದ ಎಡ್ಮಾ ತಂದೆಯಂತೆಯೇ ಚಿತ್ರಕಾರಳಾಗಿ ಎಡ್ಮಾ ಫ್ರೋಲಿಕ್ ಸ್ಟಾಗೆ ಎಂದು ಹೆಸರಾಗಿ, 1958ರವರೆಗೆ ಬದುಕಿದಳು. 1895ರ ಎಡ್ಡಾ ಚಿತ್ರಗಳು ಹಕ್ಕುಸ್ವಾಮ್ಯದ ಅವಧಿ ಮುಗಿದು, ನಾರ್ಸ್ ಪುರಾಣ ಕುರಿತ ಪರಾಮರ್ಶನ ಗ್ರಂಥಗಳಲ್ಲಿಯೂ ವಿಶ್ವಕೋಶಗಳಲ್ಲಿಯೂ ಮತ್ತೆ ಮತ್ತೆ ಅಚ್ಚಾಗುತ್ತಿವೆ, ಎಷ್ಟೋ ವೇಳೆ ಚಿತ್ರಕಾರನ ಹೆಸರೂ ಇಲ್ಲದೆ.